ಮನೆತನದ ಮೂಲಶೋಧ: ಹೊರನಾಡ ಕನ್ನಡಿಗರು ತಿಳಿದಿರಬೇಕಾದ ಕೆಲವು ಸಂಗತಿಗಳು

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಮೂರು ನಾಲ್ಕು ತಲೆಮಾರುಗಳಿಂದ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ‘ನಿಮ್ಮದು ಯಾವ ಊರು?’ ಎಂಬ ಪ್ರಶ್ನೆಗೆ ದೊರೆಯುವ ಉತ್ತರವು ವರ್ಷದಿಂದ ವರ್ಷಕ್ಕೆ ಮಸುಕಾಗುತ್ತ ಬಂದಿರುವುದನ್ನು ಓದುಗರು ಗಮನಿಸಿರಬಹುದು. ಮೊದಲು ಬಂದ ಅಜ್ಜನವರು ಊರಿನ ಹೆಸರನ್ನೂ ಓಣಿಯ ಹೆಸರನ್ನೂ ಹೇಳುತ್ತಿದ್ದರು. ತಂದೆಯವರು ತಾಲೂಕಿನ ಹೆಸರು ಹೇಳಿದರು. ಇಂದಿನವರು ‘ಧಾರವಾಡದ ಕಡೆಯವರು’, ‘ಮಂಗಳೂರಿನ ಕಡೆಯವರು’ ಎನ್ನುತ್ತಾರೆ. ‘ಕಡೆ’ ಎಂಬ ಎರಡಕ್ಷರದೊಳಗೆ ಊರು, ಮನೆ, ಮನೆದೇವರು ಎಲ್ಲವೂ ಅಡಗಿಹೋಗಿವೆ.

ಹೀಗಿರುವಾಗ ವಂಶಾವಳಿಯನ್ನು ಸಿದ್ಧಪಡಿಸುವ ಆಸಕ್ತಿ ನಮ್ಮವರಲ್ಲಿ ಬೆಳೆಯುತ್ತಿರುವುದು ಸಂತೋಷದ ವಿಷಯ. ನಿವೃತ್ತರಾದ ಹಿರಿಯರು ಹಳೆಯ ಟ್ರಂಕುಗಳನ್ನು ತೆರೆಯುತ್ತಿದ್ದಾರೆ. ಪರದೇಶದಲ್ಲಿರುವ ಮೊಮ್ಮಕ್ಕಳು ಗಣಕಯಂತ್ರದಲ್ಲಿ ತಮ್ಮ ಅಡ್ಡಹೆಸರನ್ನು ಕೊಟ್ಟು ಹುಡುಕುತ್ತಿದ್ದಾರೆ. ಆದರೆ ಇಬ್ಬರೂ ಬಹುಬೇಗ ದಾರಿ ಕಾಣದೆ ನಿಲ್ಲುತ್ತಾರೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಈ ಕೆಲಸಕ್ಕೆ ಎರಡು ಆಧಾರಗಳಿವೆ: ತಲೆಮಾರುಗಟ್ಟಲೆ ಬದಲಾಗದೆ ಬರುವ ಅಡ್ಡಹೆಸರು ಮತ್ತು ನಿಗದಿತ ಅವಧಿಯ ನಂತರ ಸಾರ್ವಜನಿಕರಿಗೆ ತೆರೆದಿಡುವ ಜನಗಣತಿಯ ಮನೆವಾರು ಹಾಳೆಗಳು. ನಮ್ಮಲ್ಲಿ ಇವೆರಡೂ ಇಲ್ಲ. 1948ರ ಜನಗಣತಿ ಕಾಯಿದೆಯ ಪ್ರಕಾರ ವ್ಯಕ್ತಿವಾರು ನಮೂದುಗಳನ್ನು ಯಾರೂ ಪರಿಶೀಲಿಸುವಂತಿಲ್ಲ. ಅಡ್ಡಹೆಸರಿನ ಕಥೆಯಂತೂ ಪ್ರಾಂತದಿಂದ ಪ್ರಾಂತಕ್ಕೆ ಬೇರೆ.

ಹಳೆಯ ಮೈಸೂರು ಸೀಮೆಯಲ್ಲಿ ಅಡ್ಡಹೆಸರೆಂಬುದು ಬಹುಮಟ್ಟಿಗೆ ಇರಲೇ ಇಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಸಂತೇಶಿವರ ಲಿಂಗಣ್ಣಯ್ಯ ಭೈರಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆ, ಕೊನೆಯದು ಸ್ವಂತ ಹೆಸರು. ಈ ಕ್ರಮದಲ್ಲಿ ಊರು ಉಳಿಯುತ್ತದೆಂಬುದು ದೊಡ್ಡ ಅನುಕೂಲ. ಆದರೆ ಮೈಸೂರಿನವರು ಮುಂಬಯಿ, ದೆಹಲಿಗಳಿಗೆ ಬಂದೊಡನೆ ಶಾಲೆಯ ಅರ್ಜಿ, ಪಡಿತರ ಚೀಟಿ, ಪಾಸ್‌ಪೋರ್ಟುಗಳು ‘ಅಡ್ಡಹೆಸರು’ ಎಂಬ ಕಲಮನ್ನು ಮುಂದೊಡ್ಡಿದವು. ಒಬ್ಬ ಅಣ್ಣ ತಂದೆಯ ಹೆಸರನ್ನು ಬರೆಯಿಸಿದರೆ, ತಮ್ಮ ಊರಿನ ಹೆಸರನ್ನು ಬರೆಯಿಸಿದ. ಮತ್ತೊಬ್ಬ ‘ರಾವ್’ ಎಂದೋ ‘ಮೂರ್ತಿ’ ಎಂದೋ ತನ್ನ ಹೆಸರಿನ ಬಾಲವನ್ನೇ ಕತ್ತರಿಸಿ ಅಲ್ಲಿಟ್ಟ. ಒಂದೇ ತಾಯಿಯ ಮೂರು ಮಕ್ಕಳ ಮೊಮ್ಮಕ್ಕಳು ಇಂದು ಮೂರು ಅಡ್ಡಹೆಸರುಗಳಲ್ಲಿದ್ದಾರೆ, ಪರಸ್ಪರ ಪರಿಚಯವೂ ಇಲ್ಲ. ಇಂಥ ಕುಟುಂಬಗಳು ಅಡ್ಡಹೆಸರನ್ನು ಹಿಡಿದು ಹುಡುಕಿದರೆ ಮೂವತ್ತು ನಲವತ್ತು ವರ್ಷಗಳಾಚೆಗೆ ಹೋಗಲಾರವು.

ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರುಗಳು ಧಾರಾಳವಾಗಿವೆ. ಅವುಗಳ ಸೊಗಸೇ ಬೇರೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ ಎಂಬಂಥವು ವ್ಯಾಪಾರದಿಂದಲೋ ಯಾವುದೋ ಮರೆತುಹೋದ ವಿನೋದದಿಂದಲೋ ಹುಟ್ಟಿದವು. ಅಂಗಡಿ, ಬಡಿಗೇರ, ಕಮ್ಮಾರ, ಕುಂಬಾರ, ಪೂಜಾರ ಎಂಬವು ಕಸುಬನ್ನು ಹೇಳುತ್ತವೆ. ಹಿರೇಮಠ, ಚಿಕ್ಕಮಠ ಮೊದಲಾದವು ಮಠದ ಸಂಬಂಧವನ್ನು ಸೂಚಿಸುತ್ತವೆ. ಕುಲಕರ್ಣಿ, ದೇಶಪಾಂಡೆ, ದೇಸಾಯಿ, ನಾಡಗೌಡ, ಪಾಟೀಲ, ಇನಾಮದಾರ, ಕಿಲ್ಲೇದಾರ, ವಾಲೀಕಾರ, ತಳವಾರ ಇವೆಲ್ಲ ಒಂದು ಕಾಲದಲ್ಲಿ ನಿರ್ವಹಿಸುತ್ತಿದ್ದ ಅಧಿಕಾರ ಅಥವಾ ಊರ ಸೇವೆಯ ಹೆಸರುಗಳು. ಪಾಟೀಲರು ಲಿಂಗಾಯತರಲ್ಲಿಯೂ ಜೈನರಲ್ಲಿಯೂ ಮರಾಠರಲ್ಲಿಯೂ ಮುಸಲ್ಮಾನರಲ್ಲಿಯೂ ಇದ್ದಾರೆ. ಆದ್ದರಿಂದ ‘ಪಾಟೀಲ’ ಎಂಬ ಹೆಸರು ರಕ್ತಸಂಬಂಧಕ್ಕೆ ಸಾಕ್ಷಿಯಲ್ಲ; ಊರಿನ ಗೌಡಿಕೆ ಒಮ್ಮೆ ಆ ಮನೆಯಲ್ಲಿತ್ತು ಎಂಬುದಕ್ಕೆ ಮಾತ್ರ ಸಾಕ್ಷಿ. ಹಾಗೆಯೇ ಸಹೋದರರಲ್ಲಿ ಒಬ್ಬನ ಪಾಲಿಗೆ ಒಂದು ಊರಿನ ಕುಲಕರ್ಣಿಕೆಯೂ ಇನ್ನೊಬ್ಬನ ಪಾಲಿಗೆ ಪರಗಣೆಯ ದೇಶಪಾಂಡೆಗಿರಿಯೂ ಬಂದರೆ ಒಂದೇ ಮನೆತನ ಎರಡು ಅಡ್ಡಹೆಸರುಗಳಾಗಿ ಕವಲೊಡೆಯುವುದುಂಟು.

ಊರಿನ ಹೆಸರಿನಿಂದ ಬಂದ ಅಡ್ಡಹೆಸರುಗಳ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ನೆನಪಿಡಬೇಕು. ಗೋಕಾಕದಲ್ಲಿಯೇ ಇರುವವನನ್ನು ಅಲ್ಲಿನವರು ‘ಗೋಕಾಕ’ ಎಂದು ಕರೆಯುವುದಿಲ್ಲ. ಹಾಗೆ ಕರೆದರೆ ಊರಿಗೂರೇ ಓಗೊಟ್ಟೀತು! ಆ ಹೆಸರು ಅವನು ಬೇರೊಂದು ಊರಿಗೆ ಹೋಗಿ ನೆಲೆಸಿದಾಗ ಅಲ್ಲಿಯವರು ಗುರುತಿಗಾಗಿ ಇಟ್ಟದ್ದು. ಆದ್ದರಿಂದ ಊರಿನ ಹೆಸರಿನ ಅಡ್ಡಹೆಸರು ಸಾಮಾನ್ಯವಾಗಿ ಹೇಳುವುದು ಬಿಟ್ಟುಬಂದ ಊರನ್ನು. ದಾಖಲೆಗಳು ಅದರ ನಂತರದ ಊರಿನಲ್ಲಿರುವ ಸಂಭವವೇ ಹೆಚ್ಚು. ಇದಕ್ಕೂ ಅಪವಾದಗಳಿವೆ. ಗಂಗೂಬಾಯಿ ಹಾನಗಲ್ ಅವರ ಉದಾಹರಣೆಯನ್ನು ನೋಡಬಹುದು: ಅವರ ತಂದೆ ಚಿಕ್ಕೂರಾವ್ ನಾಡಿಗೇರ, ಪತಿ ಗುರುರಾವ್ ಕೌಲಗಿ. ನಾಡೆಲ್ಲ ಅವರನ್ನು ಬಲ್ಲ ‘ಹಾನಗಲ್’ ಎಂಬುದು ತಂದೆಯ ಮನೆತನದ್ದೂ ಅಲ್ಲ, ಪತಿಯ ಮನೆತನದ್ದೂ ಅಲ್ಲ. ಅಡ್ಡಹೆಸರೊಂದನ್ನೇ ನಂಬಿದ ವಂಶಾವಳಿಕಾರನಿಗೆ ಇಂಥಲ್ಲಿ ಏನೂ ದಕ್ಕದು.

ಕರಾವಳಿಗೆ ಬಂದರೆ ಮತ್ತೊಂದು ಲೋಕ. ತುಳುನಾಡಿನ ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನದ ಕಟ್ಟು ರೂಢಿಯಲ್ಲಿದ್ದು, ಕುಟುಂಬವೆಂಬುದು ತಾಯಿಯಿಂದ ಮಗಳಿಗೆ ಸಾಗುತ್ತಿತ್ತು. ಮಗುವಿನ ‘ಬರಿ’ ಅಥವಾ ಬಳಿ ತಾಯಿಯದು. ಒಂದೇ ಬರಿಯವರಲ್ಲಿ ವಿವಾಹ ನಿಷಿದ್ಧ. ಶೆಟ್ಟಿ, ರೈ, ಆಳ್ವ ಎಂಬವು ಈ ವಂಶಸರಣಿಯನ್ನು ಏನೂ ಸೂಚಿಸುವುದಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ‘ಅಜ್ಜನ ಅಪ್ಪ ಯಾರು?’ ಎಂಬುದಲ್ಲ, ‘ಅಜ್ಜಿಯ ತರವಾಡು ಮನೆ ಯಾವುದು, ಆ ಮನೆಯ ದೈವ ಯಾವುದು?’ ಎಂಬುದು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯು ಕುಟುಂಬದ ಶಾಖೆಗಳಿಗೆ ‘ಕವರು’ ಎಂಬ ನೆಲದ ಪದವನ್ನೇ ಬಳಸಿ ಪಾಲು ಕೇಳುವ ಹಕ್ಕನ್ನು ನೀಡಿತು. ಹಾಗಾಗಿ ಆಸ್ತಿ ವಿಭಾಗದ ದಾವೆಗಳಲ್ಲಿ ತಾಯಿಯ ಕಡೆಯ ವಂಶವೃಕ್ಷವನ್ನು ವಿವರವಾಗಿ ಬರೆದು ನ್ಯಾಯಾಲಯಕ್ಕೆ ಒಪ್ಪಿಸುವುದು ಅನಿವಾರ್ಯವಾಯಿತು. ಜಗಳವಾಡಿದ ಕುಟುಂಬಗಳ ವಂಶಾವಳಿಯೇ ಚೆನ್ನಾಗಿ ಉಳಿದಿದೆ ಎಂದರೆ ವಿಚಿತ್ರವೆನಿಸಬಹುದು. ಆದರೆ ಈ ಕ್ಷೇತ್ರದಲ್ಲಿ ಅದು ಎಲ್ಲೆಡೆಗೂ ಸಲ್ಲುವ ಮಾತು. ಹಳೆಯ ದಾವೆಯ ತೀರ್ಪಿನ ನಕಲು ಮನೆಯಲ್ಲಿದ್ದರೆ ಅದನ್ನು ಎಸೆಯಬಾರದು.

ಅಡ್ಡಹೆಸರಿಗಿಂತ ಗಟ್ಟಿಯಾದ ಗುರುತು ಮನೆದೇವರು. ಊರು ಬಿಟ್ಟರೂ, ಕಸುಬು ಬಿಟ್ಟರೂ, ಮನೆದೇವರನ್ನು ಬಿಟ್ಟ ಕುಟುಂಬಗಳು ಕಡಿಮೆ. ಗೌಡ ಸಾರಸ್ವತರು ಶತಮಾನಗಳ ಹಿಂದೆ ಗೋವೆಯನ್ನು ತೊರೆದು ಕೆನರಾ ಕರಾವಳಿಯಲ್ಲಿ ನೆಲೆಸಿದರೂ ಮಂಗೇಶ, ಶಾಂತಾದುರ್ಗಾ, ಮಹಾಲಸಾ ದೇವಾಲಯಗಳೊಡನೆ ಕುಳಾವಿಗಳ ಸಂಬಂಧವನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಸವದತ್ತಿಯ ಎಲ್ಲಮ್ಮ, ಗೊಡಚಿಯ ವೀರಭದ್ರ, ಬಾದಾಮಿಯ ಬನಶಂಕರಿ ಸಾವಿರಾರು ಮನೆತನಗಳಿಗೆ ದೇವರಾದುದರಿಂದ ಇಷ್ಟರಿಂದಲೇ ಊರು ಪತ್ತೆಯಾಗದು. ಆದರೆ ಅಜ್ಜಿ ಯಾವುದೋ ಸಣ್ಣ ಹಳ್ಳಿಯ ಹನುಮಪ್ಪನಿಗೋ ದ್ಯಾಮವ್ವನಿಗೋ ಕಾಣಿಕೆ ಕಟ್ಟಿಡುತ್ತಿದ್ದರೆಂದಾದರೆ, ಆ ಹಳ್ಳಿಯೇ ಮೂಲಸ್ಥಾನವಾಗಿರುವ ಸಾಧ್ಯತೆ ಬಲವಾಗಿದೆ. ಗೋತ್ರ, ಬೆಡಗು, ಬರಿ, ಮನೆದೇವರು ಈ ವಿವರಗಳನ್ನು ಮನೆಯ ಹಿರಿಯ ಹೆಂಗಸರಲ್ಲಿ ಕೇಳಿ ಮೊದಲು ಬರೆದುಕೊಳ್ಳಬೇಕು. ಗಂಡಸರು ನೌಕರಿಯ ಮಾತಾಡುತ್ತಾರೆ; ಯಾವ ಹಬ್ಬಕ್ಕೆ ಯಾವ ಊರಿನಿಂದ ಯಾರು ಬರುತ್ತಿದ್ದರೆಂಬುದು ನೆನಪಿರುವುದು ಹೆಂಗಸರಿಗೇ.

ಇನ್ನು ಮನೆತನದ ಲೆಕ್ಕವನ್ನೇ ಕಸುಬಾಗಿ ಇಟ್ಟುಕೊಂಡವರ ವಿಷಯ. ಉತ್ತರ ಕರ್ನಾಟಕದ ಹೆಳವರನ್ನು ಇಲ್ಲಿ ಗೌರವದಿಂದ ಸ್ಮರಿಸಬೇಕು. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ, ಗಂಟೆ ಬಾರಿಸುತ್ತ, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಬರುತ್ತಿದ್ದ ಹೆಳವನು ಮನೆಯ ಮುಂದೆ ನಿಂತು ಆ ಮನೆತನದ ಮೂಲಸ್ಥಳ, ಬೆಡಗು, ಮನೆದೇವರು, ಹಿರಿಯರ ಹೆಸರುಗಳನ್ನು ಒಂದೊಂದಾಗಿ ಒಪ್ಪಿಸುತ್ತಿದ್ದುದನ್ನು ನಮ್ಮಲ್ಲಿ ಅರವತ್ತು ದಾಟಿದ ಕೆಲವರು ಕಂಡಿದ್ದಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ತನ್ನ ಪುಸ್ತಕದಲ್ಲಿ ಸೇರಿಸಿಕೊಂಡು ಕಾಳು, ಬಟ್ಟೆ, ಹಣವನ್ನು ಪಡೆದು ಮುಂದೆ ಸಾಗುತ್ತಿದ್ದನು. ಮಹಾರಾಷ್ಟ್ರದಲ್ಲಿ ಇವರನ್ನು ಪಾಂಗುಳರೆಂದು ಕರೆಯುತ್ತಾರೆ. ಊರುಗಳನ್ನು ತಮ್ಮೊಳಗೆ ಹಂಚಿಕೊಂಡಿರುವುದರಿಂದ ಒಂದು ಮನೆತನದ ದಾಖಲೆ ಇರುವುದು ಒಂದು ನಿರ್ದಿಷ್ಟ ಹೆಳವರ ಮನೆಯಲ್ಲಿ ಮಾತ್ರ. ಹೀಗಾಗಿ ‘ಯಾರಾದರೂ ಹೆಳವರು ಸಿಗುವರೇ?’ ಎಂದು ಕೇಳಿ ಫಲವಿಲ್ಲ. ‘ನಮ್ಮ ಊರಿಗೆ ಬರುವ ಹೆಳವರು ಯಾರು?’ ಎಂದು ಆ ಊರಿನ ಒಕ್ಕಲುತನದ ಮನೆಗಳಲ್ಲಿಯೇ ವಿಚಾರಿಸಬೇಕು. ಹೊರನಾಡಿಗೆ ಬಂದ ಕುಟುಂಬದ ಹೆಸರು ಹೆಳವರ ಪುಸ್ತಕದಲ್ಲಿ ಒಂದು ಕಡೆ ನಿಂತುಹೋಗಿರುತ್ತದೆ, ಯಾಕೆಂದರೆ ಆ ಮನೆಯ ಬಾಗಿಲಿಗೆ ಅವನು ಮತ್ತೆ ಬಂದಾಗ ಅಲ್ಲಿ ಹೇಳುವವರು ಯಾರೂ ಇರಲಿಲ್ಲ. ಅವರ ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗಗಳಿಗೆ ಹೋಗುತ್ತಿರುವುದು ನ್ಯಾಯವೇ; ಎತ್ತಿನ ಮೇಲೆ ಊರೂರು ಅಲೆಯಬೇಕೆಂದು ಅವರಿಗೆ ಹೇಳುವ ಅಧಿಕಾರ ನಮಗಿಲ್ಲ. ಆದರೆ ಪುಸ್ತಕಗಳನ್ನು ಓದಿ ಅರ್ಥ ಹೇಳಬಲ್ಲ ಹಿರಿಯ ಹೆಳವರು ಇರುವಾಗಲೇ ಹೋಗಿ, ತಕ್ಕ ಸಂಭಾವನೆ ಸಲ್ಲಿಸಿ, ಬರೆದುಕೊಂಡು ಬರುವುದು ನಮ್ಮ ಕೈಯಲ್ಲಿದೆ.

ತೀರ್ಥಕ್ಷೇತ್ರಗಳ ಪುರೋಹಿತರ ವಹಿಗಳು ಇಂಥದೇ ಇನ್ನೊಂದು ಆಕರ. ಕಾಶಿ, ಗಯೆ, ಪ್ರಯಾಗ, ಹರಿದ್ವಾರ, ನಾಸಿಕ, ತ್ರ್ಯಂಬಕೇಶ್ವರಗಳಿಗೆ ಯಾತ್ರೆ ಹೋದವರು ತಮ್ಮ ಹೆಸರು, ಊರು, ತಂದೆ, ತಾತ, ಜೊತೆಗೆ ಬಂದವರ ವಿವರಗಳನ್ನು ಬರೆಯಿಸಿ ಸಹಿ ಹಾಕುವ ಪದ್ಧತಿಯಿದೆ. ಯಜಮಾನರನ್ನು ಪುರೋಹಿತರು ಪ್ರದೇಶ, ಊರು, ಜಾತಿಗಳಿಗನುಸಾರವಾಗಿ ಹಂಚಿಕೊಂಡಿರುತ್ತಾರೆ. ಆದ್ದರಿಂದ ಅಲ್ಲಿಯೂ ಬೇಕಾಗುವುದು ಊರಿನ ಹೆಸರೇ. ಹರಿದ್ವಾರದ ಅನೇಕ ವಹಿಗಳನ್ನು ಅಮೆರಿಕದ ಯೂಟಾದಲ್ಲಿರುವ ವಂಶಾವಳಿ ಸಂಸ್ಥೆಯು ಕಳೆದ ಶತಮಾನದ ಕೊನೆಯ ದಶಕಗಳಲ್ಲಿಯೇ ಮೈಕ್ರೋಫಿಲ್ಮ್ ಮಾಡಿತ್ತು. ಆದರೆ ದಕ್ಷಿಣದವರು ಹೆಚ್ಚಾಗಿ ಹೋಗುತ್ತಿದ್ದುದು ಕಾಶಿ, ಗಯೆಗಳಿಗೆ. ಉತ್ತರ ಕರ್ನಾಟಕದವರು ನಾಸಿಕ, ತ್ರ್ಯಂಬಕಗಳಿಗೂ ಹೋಗುತ್ತಿದ್ದರು. ಮುಂಬಯಿ, ಪುಣೆಗಳಲ್ಲಿರುವವರಿಗೆ ಇವೆರಡೂ ಒಂದೇ ದಿನದ ದಾರಿ. ಅಸ್ಥಿ ವಿಸರ್ಜನೆಗೆ ಹೋದಾಗ ವಹಿ ನೋಡುವ ಮನಸ್ಥಿತಿ ಯಾರಿಗೂ ಇರುವುದಿಲ್ಲ. ಅದಕ್ಕೆಂದೇ ಒಮ್ಮೆ ಬಿಡುವಾಗಿ ಹೋಗುವುದು ಮೇಲು.

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ಸರಕಾರಿ ದಾಖಲೆಗಳನ್ನು ಹುಡುಕುವವರು ಸಹಜವಾಗಿಯೇ ಬೆಂಗಳೂರಿನತ್ತ ನೋಡುತ್ತಾರೆ. ಆದರೆ ಕರ್ನಾಟಕವು ಏಕೀಕರಣಗೊಂಡದ್ದು 1956ರ ನವೆಂಬರ್ 1ರಂದು. ಅದಕ್ಕೆ ಮುಂಚಿನ ದಾಖಲೆಗಳು ಅಂದಿನ ಆಡಳಿತಗಳ ರಾಜಧಾನಿಗಳಲ್ಲಿ ಸೇರಿಕೊಂಡವು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ, 1862ರಲ್ಲಿ ಮದ್ರಾಸಿನಿಂದ ವರ್ಗಾವಣೆಗೊಂಡ ಉತ್ತರ ಕನ್ನಡವೂ ಮುಂಬಯಿ ಪ್ರಾಂತದಲ್ಲಿದ್ದವು. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರವರೆಗೆ, ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿದ್ದವು. ಬೀದರ, ಕಲಬುರ್ಗಿ, ರಾಯಚೂರುಗಳು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಅಂದರೆ ನಾವು ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ನಗರಗಳಿಗೇ ನಮ್ಮ ಅಜ್ಜಂದಿರ ಕಾಗದಗಳೂ ನಮಗಿಂತ ಮೊದಲೇ ಬಂದು ಸೇರಿವೆ. ಇದು ಕಾಕತಾಳೀಯವೂ ಅಲ್ಲ: ಆಡಳಿತದ ಹಾದಿ ಯಾವ ಪಟ್ಟಣಕ್ಕೆ ಹೋಗುತ್ತಿತ್ತೋ ಅದೇ ಪಟ್ಟಣಕ್ಕೆ ಜನರೂ ನೌಕರಿ ಹುಡುಕುತ್ತ ಹೋದರು.

ಪುಣೆಯ ಪೇಶ್ವೆ ದಫ್ತರವನ್ನೇ ತೆಗೆದುಕೊಳ್ಳಿ. ಕೃಷ್ಣೆಯ ದಕ್ಷಿಣದ ಕನ್ನಡ ಸೀಮೆ ಪೇಶ್ವೆಗಳ ಆಳ್ವಿಕೆಯಲ್ಲಿದ್ದಾಗಿನ ವತನ, ಇನಾಮು, ಜಮಾಬಂದಿಗಳ ಕಾಗದಗಳು ಬಟ್ಟೆಯ ರುಮಾಲುಗಳಲ್ಲಿ ಕಟ್ಟಿಟ್ಟು ಅಲ್ಲಿ ಭದ್ರವಾಗಿವೆ. ಅನಂತರ 1852ರ ಕಾಯಿದೆಯ ಅನ್ವಯ ಇನಾಂ ಆಯೋಗವು ವಿಚಾರಣೆ ನಡೆಸಿದಾಗ, ತಮ್ಮ ಇನಾಮು ಭೂಮಿ ಎಷ್ಟು ತಲೆಮಾರಿನಿಂದ ಬಂದುದೆಂದು ಸಾಧಿಸಲು ಮನೆತನಗಳು ಕೈಫಿಯತ್ತುಗಳನ್ನೂ ವಂಶಾವಳಿಗಳನ್ನೂ ಸಲ್ಲಿಸಬೇಕಾಯಿತು. 1874ರ ಮುಂಬಯಿ ವತನ ಕಾಯಿದೆಯಡಿ ವತನದಾರರ ವಾರಸುದಾರಿಕೆಯ ದಾಖಲೆಗಳು ಮುಂದುವರಿದವು. ಗಮನಿಸಬೇಕಾದುದೆಂದರೆ ಈ ಕಾಯಿದೆ ಕುಲಕರ್ಣಿ, ಪಾಟೀಲರಿಗೆ ಮಾತ್ರ ಸೀಮಿತವಾಗಿರಲಿಲ್ಲ. ಊರಿನ ಕೆಳಗಿನ ಸೇವೆಗಳನ್ನು ವಂಶಪರಂಪರೆಯಿಂದ ಮಾಡುತ್ತಿದ್ದವರೂ ವತನದಾರರೇ ಆಗಿದ್ದರು. ವಂಶಾವಳಿ ಎಂಬುದು ಮೇಲ್ಜಾತಿಯವರ ಸೊತ್ತು ಎಂದುಕೊಂಡು ಹುಡುಕಾಟವನ್ನೇ ಆರಂಭಿಸದ ಕುಟುಂಬಗಳು ಈ ಮಾತನ್ನು ನೆನಪಿಡಬೇಕು. ಮುಂಬಯಿ ಪ್ರಾಂತದ ಪರಗಣೆ ಮತ್ತು ಕುಲಕರ್ಣಿ ವತನಗಳು 1950ರ ಕಾಯಿದೆಯಿಂದ ರದ್ದಾದವು, ಕರ್ನಾಟಕದ ಉಳಿದ ಗ್ರಾಮಾಧಿಕಾರಗಳು 1961ರ ಕಾಯಿದೆಯಿಂದ ರದ್ದಾದವು. ಆಗ ಶಾನುಭೋಗರ ಮನೆಗಳಲ್ಲಿ ಉಳಿದ ಕಡತಗಳು ಎಷ್ಟೋ ಕಡೆ ಅಟ್ಟ ಸೇರಿ ಗೆದ್ದಲಿಗೆ ಆಹಾರವಾದವು.

ಮುಂಬಯಿಯಲ್ಲಿ ಮಹಾರಾಷ್ಟ್ರ ರಾಜ್ಯ ಪತ್ರಾಗಾರ, ಚೆನ್ನೈಯ ಎಗ್ಮೋರಿನಲ್ಲಿ ತಮಿಳುನಾಡು ಪತ್ರಾಗಾರ, ಹೈದರಾಬಾದಿನ ತಾರ್ನಾಕದಲ್ಲಿ ತೆಲಂಗಾಣ ರಾಜ್ಯ ಪತ್ರಾಗಾರ, ದೆಹಲಿಯಲ್ಲಿ ರಾಷ್ಟ್ರೀಯ ಪತ್ರಾಗಾರಗಳಿವೆ. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯು ಬೆಂಗಳೂರಿನಲ್ಲಿದೆ. ಹಳೆಯ ಮೈಸೂರಿನವರಿಗೆ ಅದೇ ಮುಖ್ಯ. ಈಗ ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಮುಂಬಯಿಯಲ್ಲಿರುವ ಕುಂದಾಪುರ ಮೂಲದ ಕುಟುಂಬಕ್ಕೆ ಬೇಕಾದ ಮದ್ರಾಸ್ ಕಂದಾಯ ಮಂಡಳಿಯ ಕಡತ ಚೆನ್ನೈಯಲ್ಲಿದೆ. ಚೆನ್ನೈಯಲ್ಲಿರುವ ಗದಗ ಮೂಲದವರಿಗೆ ಬೇಕಾದ ವತನದ ಕಾಗದ ಪುಣೆಯಲ್ಲಿದೆ. ಪುಣೆಯಲ್ಲಿರುವ ಸೇಡಂ ಮೂಲದವರಿಗೆ ಬೇಕಾದುದು ಹೈದರಾಬಾದಿನಲ್ಲಿದೆ. ಒಬ್ಬೊಬ್ಬರೇ ರಜೆ ಹಾಕಿ, ರೈಲು ಹತ್ತಿ, ಗೊತ್ತಿಲ್ಲದ ಊರಿನಲ್ಲಿ ಪರವಾನಗಿ ಪಡೆದು ಹುಡುಕುವುದು ಯಾರಿಗೂ ಪೂರೈಸದು. ಆದರೆ ನಾಲ್ಕು ನಗರಗಳ ನಾಲ್ವರು ಪರಸ್ಪರ ಪರಿಚಿತರಾಗಿದ್ದರೆ, ಪ್ರತಿಯೊಬ್ಬರೂ ತಮ್ಮ ಊರಿನ ಪತ್ರಾಗಾರದಲ್ಲಿ ಉಳಿದವರಿಗಾಗಿ ಒಂದು ಶನಿವಾರವನ್ನು ಮೀಸಲಿಟ್ಟರೆ, ಕೆಲಸ ಸಾಗುತ್ತದೆ. ಪ್ರತಿ ನಗರದಲ್ಲಿಯೂ ಒಂದು ಕನ್ನಡ ಸಂಘವಿರುವಾಗ ಇಂಥ ನಾಲ್ವರನ್ನು ಒಂದುಗೂಡಿಸುವುದು ಕಷ್ಟದ ಮಾತೇನಲ್ಲ. ಸಂಘಗಳು ಯಕ್ಷಗಾನ, ನಾಟಕ, ರಾಜ್ಯೋತ್ಸವಗಳಿಗೆ ಕೊಡುವ ಗಮನದಲ್ಲಿ ಸ್ವಲ್ಪ ಪಾಲನ್ನು ಇತ್ತ ಹರಿಸಿದರೆ ಸಾಕು.

ಸಂಘಗಳ ಬೀರುಗಳಲ್ಲಿಯೂ ಆಕರಗಳಿವೆ. ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿಯೂ ಮೈಸೂರು ಅಸೋಸಿಯೇಷನ್ 1926ರಲ್ಲಿಯೂ ಸ್ಥಾಪನೆಯಾದವು. ಇಷ್ಟು ಹಳೆಯ ಸಂಸ್ಥೆಗಳ ಸದಸ್ಯರ ಪಟ್ಟಿ, ಸ್ಮರಣ ಸಂಚಿಕೆ, ದೇಣಿಗೆದಾರರ ಯಾದಿಗಳಲ್ಲಿ ಊರು ಸಹಿತ ಹೆಸರುಗಳು ದೊರೆಯುತ್ತವೆ. ರಾತ್ರಿಶಾಲೆಗಳ ಹಾಜರಿ ಪುಸ್ತಕಗಳು ಎಲ್ಲಿಯಾದರೂ ಉಳಿದಿದ್ದರೆ ಅವು ಹೋಟೆಲುಗಳಲ್ಲಿ ದುಡಿಯುತ್ತ ಓದಿದ ಹುಡುಗರ ಏಕೈಕ ಲಿಖಿತ ಗುರುತಾಗಿರಬಹುದು. ಜಮೀನೂ ಇಲ್ಲದ, ಇನಾಮೂ ಇಲ್ಲದ ಮನೆಯಿಂದ ಹದಿಮೂರನೆಯ ವಯಸ್ಸಿಗೆ ಹಡಗು ಹತ್ತಿ ಬಂದ ಹುಡುಗನ ಹೆಸರನ್ನು ಪೇಶ್ವೆ ದಫ್ತರದಲ್ಲಿ ಹುಡುಕಿ ಪ್ರಯೋಜನವಿಲ್ಲ.

ಕಾಗದ ಸಿಕ್ಕಿತೆಂದೇ ಇಟ್ಟುಕೊಳ್ಳೋಣ, ಓದುವುದು ಹೇಗೆ? ಪೇಶ್ವೆ ಕಾಲದ ಕಾಗದಗಳು ಮೋಡಿ ಲಿಪಿಯಲ್ಲಿವೆ. ಹೈದರಾಬಾದಿನವು ಫಾರ್ಸಿ ಮತ್ತು ಉರ್ದುವಿನಲ್ಲಿವೆ. ಶಾನುಭೋಗರ ಕನ್ನಡ ಕಡತಗಳ ಕೈಬರಹವೂ ಇಂದಿನ ಕಣ್ಣಿಗೆ ಅಷ್ಟು ಸುಲಭವಲ್ಲ. ಇಲ್ಲಿಯೂ ಸಹಶೋಧಕರ ಅಗತ್ಯವಿದೆ. ಪುಣೆಯಲ್ಲಿ 1910ರಲ್ಲಿ ಸ್ಥಾಪಿತವಾದ ಭಾರತ ಇತಿಹಾಸ ಸಂಶೋಧಕ ಮಂಡಳವು ಮೋಡಿ ಬಲ್ಲವರ ಪರಂಪರೆಯನ್ನೇ ಬೆಳೆಸಿದೆ; ಅಲ್ಲಿನ ಕನ್ನಡಿಗರಲ್ಲಿ ಒಬ್ಬರಿಬ್ಬರು ಮೋಡಿ ಕಲಿತರೂ ಹತ್ತಾರು ಮನೆತನಗಳಿಗೆ ಉಪಕಾರವಾಗುತ್ತದೆ. ನಮ್ಮ ಮನೆಗಳಲ್ಲಿಯೇ ಇನ್ನೊಂದು ಕಷ್ಟ ಹುಟ್ಟಿಕೊಂಡಿದೆ. ಮನೆಯಲ್ಲಿ ಕನ್ನಡ ಮಾತನಾಡಿದರೂ ಕನ್ನಡ ಓದಲು ಬಾರದ ಮಕ್ಕಳಿಗೆ ಅಜ್ಜ ಬರೆದ ಅಂಚೆ ಕಾರ್ಡೂ ಮೋಡಿಯಷ್ಟೇ ದುರ್ಬೋಧ. ಟ್ರಂಕಿನಲ್ಲಿರುವ ಪತ್ರಗಳನ್ನು ಓದಬಲ್ಲವರು ಇನ್ನು ಹತ್ತು ಹದಿನೈದು ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ಉಳಿದಾರು?

ತಾರೀಖುಗಳ ಬಗ್ಗೆಯೂ ಎಚ್ಚರ ಬೇಕು. ಶಾಲಿವಾಹನ ಶಕಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ವರ್ಷದ ಕೊನೆಯ ತಿಂಗಳುಗಳಿಗೆ 79. ದಖನ್ನಿನ ಫಸಲಿಗೆ 590 ಅಥವಾ 591, ಮರಾಠಿ ಕಾಗದಗಳ ಶುಹೂರ್ ಸನ್ನಿಗೆ 599 ಅಥವಾ 600 ಕೂಡಿಸಬೇಕು. ಬರಿಯ ಸಂವತ್ಸರದ ಹೆಸರಿದ್ದರೆ ಅದು ಅರವತ್ತು ವರ್ಷಗಳಿಗೊಮ್ಮೆ ಮರಳಿ ಬರುವಂಥದು: ‘ಪ್ರಭವ ಸಂವತ್ಸರ’ ಎಂದರೆ 1867 ಆಗಬಹುದು, 1927 ಆಗಬಹುದು, 1987 ಕೂಡ ಆಗಬಹುದು. ಇದರ ಜೊತೆಗೆ ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿ ಸೇರಿದರೆ ಗೊಂದಲ ಪೂರ್ಣವಾಗುತ್ತದೆ. ಭೀಮಪ್ಪನ ಮಗ ಬಸಪ್ಪ, ಬಸಪ್ಪನ ಮಗ ಭೀಮಪ್ಪ. ದಾನಪತ್ರದ ಭೀಮಪ್ಪ ತಾತನೋ ಮೊಮ್ಮಗನೋ ಎಂಬುದನ್ನು ಹೆಂಡತಿಯ ಹೆಸರಿನಿಂದ ಅಥವಾ ಸಾಕ್ಷಿ ಹಾಕಿದವರ ಹೆಸರಿನಿಂದ ನಿರ್ಧರಿಸಬೇಕಾಗುತ್ತದೆ.

ಊರುಗಳೂ ಇದ್ದಲ್ಲಿ ಇರುವುದಿಲ್ಲ. ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ ಜಿಲ್ಲೆಗಳು ರಚನೆಯಾದದ್ದು 1997ರಲ್ಲಿ. ಅಜ್ಜನ ಪತ್ರದಲ್ಲಿ ‘ವಿಜಾಪುರ ಜಿಲ್ಲೆ’ ಎಂದಿದ್ದರೆ ಊರು ಇಂದಿನ ಬಾಗಲಕೋಟೆಯಲ್ಲಿರಬಹುದು. ಇಂದು ಗದಗ ಜಿಲ್ಲೆಯಲ್ಲಿರುವ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಅಲ್ಲಿಯವರು ಬ್ರಿಟಿಷ್ ಧಾರವಾಡದ ದಾಖಲೆಗಳನ್ನು ಎಷ್ಟು ಜಾಲಾಡಿದರೂ ಸಿಗುವುದು ಅಲ್ಪ. ಕೆಲವರ ಊರು ನೀರಿನಡಿಯಲ್ಲಿದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು, ಆಮೇಲೆ ಕೃಷ್ಣೆಯ ಆಲಮಟ್ಟಿ ಅಣೆಕಟ್ಟುಗಳಿಂದ ಎಷ್ಟೋ ಗ್ರಾಮಗಳು ಮುಳುಗಿದವು. ಅಂಥ ಊರುಗಳವರಿಗೆ ಮುಳುಗಡೆ ಪರಿಹಾರದ ಪಟ್ಟಿಗಳೇ ಕೊನೆಯ ಊರ ಪಟ್ಟಿ. ಯಾವ ಮನೆ ಯಾರದು, ಹಂಚಿಕೊಂಡವರು ಯಾರು ಎಂಬುದು ಅವುಗಳಲ್ಲಿ ದಾಖಲಾಗಿದೆ.

ಸಹಶೋಧಕರಲ್ಲಿ ನೆರವು ಕೇಳುವಾಗ ‘ನಾನು ಕುಲಕರ್ಣಿ, ನನ್ನ ಪೂರ್ವಜರನ್ನು ತಿಳಿಸಿ’ ಎಂದು ಕೇಳಿದರೆ ಉತ್ತರಿಸಲು ಯಾರಿಗೂ ಸಾಧ್ಯವಿಲ್ಲ. ಊರು, ಹಳೆಯ ತಾಲೂಕು, ಮನೆದೇವರು, ಗೋತ್ರ ಅಥವಾ ಬೆಡಗು ಅಥವಾ ಬರಿ, ತಿಳಿದಷ್ಟು ಮೂರು ತಲೆಮಾರಿನ ಹೆಸರುಗಳು, ಊರು ಬಿಟ್ಟ ಅಂದಾಜು ವರ್ಷ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಯಾವುದು ಕಾಗದದಿಂದ ತಿಳಿದದ್ದು, ಯಾವುದು ಬಾಯಿಮಾತಿನಿಂದ ತಿಳಿದದ್ದು ಎಂಬುದನ್ನು ಬೇರೆ ಬೇರೆ ಗುರುತು ಮಾಡಬೇಕು. ಬದುಕಿರುವವರ ಜನ್ಮದಿನಾಂಕ, ಆಸ್ತಿಯ ಸರ್ವೆ ನಂಬರುಗಳನ್ನು ಹಂಚಿಕೊಳ್ಳಬಾರದು. ತಾಯಿಯ ತವರು ಅಡ್ಡಹೆಸರನ್ನು ಬ್ಯಾಂಕುಗಳು ಗುರುತಿನ ಪ್ರಶ್ನೆಯಾಗಿ ಕೇಳುವ ಈ ಕಾಲದಲ್ಲಿ ಅದರ ಬಗ್ಗೆಯೂ ಎಚ್ಚರ ಒಳ್ಳೆಯದು. ಇನ್ನೊಬ್ಬರು ಹುಡುಕಿಕೊಟ್ಟ ಕಾಗದದಲ್ಲಿ ದತ್ತಕ, ಎರಡನೆಯ ಮದುವೆ, ಸಾಲ, ಬಹಿಷ್ಕಾರ ಮೊದಲಾದ ಸಂಗತಿಗಳಿದ್ದರೆ ಅದನ್ನು ಆ ಮನೆಯವರಿಗೆ ಮಾತ್ರ ತಿಳಿಸುವುದು ಸಭ್ಯತೆ. ಶಾಸನದಲ್ಲಿ ಒಂದು ಹೆಸರು ಹೊಂದಿಕೆಯಾಯಿತೆಂದು ಹೊಯ್ಸಳರವರೆಗೂ ಏಣಿ ಹಾಕುವ ಉತ್ಸಾಹಿಗಳೂ ನಮ್ಮಲ್ಲಿದ್ದಾರೆ. ನಡುವಿನ ಐದುನೂರು ವರ್ಷಗಳಿಗೆ ಕಾಗದವಿಲ್ಲದಿದ್ದರೆ ಆ ಏಣಿಗೆ ಮೆಟ್ಟಿಲುಗಳಿಲ್ಲ. ಗಟ್ಟಿಯಾದ ಐದು ತಲೆಮಾರು, ಊಹೆಯ ಇಪ್ಪತ್ತೈದು ತಲೆಮಾರಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಕೊನೆಯದಾಗಿ ಹೆಣ್ಣುಮಕ್ಕಳ ವಿಷಯ. ಅಳಿಯಸಂತಾನದ ಮನೆಗಳನ್ನು ಬಿಟ್ಟರೆ ಮೇಲೆ ಹೇಳಿದ ಬಹುತೇಕ ಆಕರಗಳಲ್ಲಿ ಅವರ ಹೆಸರುಗಳಿಲ್ಲ. ಹೆಳವರ ಪುಸ್ತಕ, ವತನದ ಯಾದಿ, ವಾರಸುದಾರಿಕೆಯ ನೋಂದಣಿಗಳಲ್ಲಿ ಗಂಡುಮಕ್ಕಳದೇ ಸಾಲು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಸಮಪಾಲನ್ನು ಕರ್ನಾಟಕವು 1994ರ ತಿದ್ದುಪಡಿಯಿಂದ ನೀಡಿತು. ಆಗ ಮದುವೆಯಾಗಿದ್ದವರಿಗೆ ಅದು ಸಲ್ಲಲಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿ ಬಂದದ್ದು 2005ರಲ್ಲಿ. ಅದಕ್ಕೆ ಮೊದಲಿನ ಎಷ್ಟೋ ಕಾಗದಗಳಲ್ಲಿ ಹೆಣ್ಣುಮಕ್ಕಳನ್ನು ಹೆಸರಿಸುವ ಅಗತ್ಯವೇ ಬರೆಯುವವರಿಗೆ ಕಂಡಿರಲಿಲ್ಲ. ಮದುವೆಯಲ್ಲಿ ಹೆಸರು ಬದಲಾಯಿಸುವ ರೂಢಿಯಿದ್ದ ಮನೆಗಳಲ್ಲಿ ಅತ್ತೆಯ ಮನೆಯವರಿಗೇ ಸೊಸೆಯ ಹುಟ್ಟುಹೆಸರು ಗೊತ್ತಿರುವುದಿಲ್ಲ. ಆದ್ದರಿಂದ ಮುಂದಿನ ಬಾರಿ ಮನೆಯ ಹಿರಿಯರೊಬ್ಬರ ಬಳಿ ಕುಳಿತು ವಂಶವೃಕ್ಷ ಬರೆಯುವಾಗ ಪ್ರತಿ ಗಂಡಸಿನ ಹೆಸರಿನ ಪಕ್ಕದಲ್ಲಿ ಅವನ ತಾಯಿಯ ಹೆಸರು, ಹೆಂಡತಿಯ ಹುಟ್ಟುಹೆಸರು, ಆಕೆಯ ತವರೂರು ಈ ಮೂರನ್ನೂ ಕೇಳಿ ಬರೆಯಿರಿ. ಹೇಳಿದವರು ಯಾರು, ಬರೆದ ದಿನ ಯಾವುದು ಎಂಬುದನ್ನು ಹಾಳೆಯ ಕೆಳಗೆ ನಮೂದಿಸಿ, ಕನ್ನಡ ಓದಲಾರದ ಮಕ್ಕಳಿಗಾಗಿ ಅವರು ಬಲ್ಲ ಲಿಪಿಯಲ್ಲಿಯೂ ಒಂದು ಪ್ರತಿ ಮಾಡಿ, ಒಂದನ್ನು ಮನೆಯಲ್ಲಿಟ್ಟು ಇನ್ನೊಂದನ್ನು ಬೇರೆ ನಗರದಲ್ಲಿರುವ ಸಂಬಂಧಿಕರಿಗೆ ಕಳುಹಿಸಿರಿ.